ಬಾಯಿ ಬಿಗಿಹಿಡಿಯಲಾರದವಳ ಸಸಿತೋಟ

ಮದುವೆಯಾಗಿ ತಮಿಳುನಾಡಿನ ಮಾರ್ಕಯನ್‌ಕೋಟ್ಟೈಗೆ ಬಂದ ಮೊದಲ ವರ್ಷವೇ ನನಗೆ ಮೈಕ್ ಸೆಟ್ ಎಂಬ ಬಿರುದು ಸಿಕ್ಕಿತು. ಕೊಟ್ಟವರು ನನ್ನ ಅತ್ತೆ. ಬೆಳಗ್ಗೆ ನನ್ನ ಕಿವಿಗೆ ಬಿದ್ದ ಮಾತು ಮಧ್ಯಾಹ್ನದೊಳಗೆ ಚಿನ್ನಮನೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿಸುತ್ತದೆ ಎಂಬುದು ಅವರ ದೂರು. ಅದು ಉತ್ಪ್ರೇಕ್ಷೆ. ಚಿನ್ನಮನೂರು ತಲುಪಲು ಸಂಜೆಯಾದರೂ ಆಗುತ್ತಿತ್ತು.

ಹೀಗಾಗಿ ಮೂವತ್ತು ವರ್ಷ ನನಗೆ ಯಾರೂ ಏನನ್ನೂ ಹೇಳಲಿಲ್ಲ. ನಾದಿನಿಯ ಮದುವೆ ನಿಶ್ಚಯವಾಗಿದೆ ಎಂದು ನನಗೆ ತಿಳಿದದ್ದು ಸೀರೆ ಕೊಳ್ಳಲು ಎಲ್ಲರೂ ಹೊರಟು ನಿಂತಾಗ. ಅತ್ತೆ ಮಧುರೈಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದರು. ನನಗೆ ಹೇಳಿದ್ದು ನೆಂಟರ ಮನೆಗೆ ಹೋಗುತ್ತೇವೆಂದು. ಕಪ್ಪು ಕನ್ನಡಕ ಹಾಕಿಕೊಂಡು ವ್ಯಾನಿನಿಂದ ಇಳಿದಾಗಲೂ ಬಿಸಿಲು ಜಾಸ್ತಿ ಎಂದರು. ಚಳಿಗಾಲದ ಮಾರ್ಗಳಿ ತಿಂಗಳು, ಎದುರಿನ ಬೆಟ್ಟ ಕಾಣದಷ್ಟು ಮಂಜು. ಈಗ ನೆನೆದರೆ ನಗು ಬರುತ್ತದೆ. ಅವತ್ತು ಅಡುಗೆಮನೆಯಲ್ಲಿ ಈರುಳ್ಳಿಯ ನೆಪದಲ್ಲಿ ಕಣ್ಣೀರು ಹಾಕಿದ್ದೆ.

ಮಕ್ಕಳಿಬ್ಬರ ಮದುವೆಯೂ ಮುಗಿದ ಮೇಲೆ ನಾನು ಸಸಿತೋಟ ಮಾಡುತ್ತೇನೆಂದು ಹಟ ಹಿಡಿದೆ. ಟೊಮೇಟೊ, ಬದನೆ, ಮೆಣಸಿನಕಾಯಿ, ಕೋಸು, ಯಾವ ಬೀಜ ಹಾಕಿದರೂ ನನ್ನ ಕೈಯಲ್ಲಿ ಮೊಳೆಯುತ್ತದೆ. ಊರಿನವರು ಅದನ್ನು ಒಪ್ಪುತ್ತಿದ್ದರು. ಆದರೆ ನೆಲ ಅತ್ತೆಯ ಹೆಸರಿನಲ್ಲಿತ್ತು. ಅವರು ನಾಲ್ಕು ದಿನ ಯೋಚಿಸಿ, ಐದನೆಯ ದಿನ ವೀಳ್ಯದೆಲೆಗೆ ಸುಣ್ಣ ಸವರುತ್ತಾ ತೀರ್ಪು ಕೊಟ್ಟರು.

“ಬಾವಿತಾವ ಇರೋ ತುಂಡ್ ನೆಲ ಎತ್ಕೋ. ಅಡ್ತ ಪೊಂಗಲ್ ಗಂಟ ನಿಂದು. ಅಷ್ಟ್ರಾಗ ನಿಲ್ಲಲಿಲ್ಲಾಂದ್ರೆ ಬಾಳೆ ನೆಟ್ಬುಡ್ತೀನಿ.”

ಬರುವ ಪೊಂಗಲ್ ಬಿಟ್ಟು ಅದರ ಮುಂದಿನದು, ಎಂದರೆ ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು ಸಮಯ. ನೆಲ ಹೋದರೆ ಹೋಗಲಿ, ನನಗೆ ಬೇಕಾಗಿದ್ದದ್ದು ಬೇರೆ. ಈ ಮನೆಯಲ್ಲಿ ನನ್ನನ್ನು ನಂಬಿ ಒಂದು ಕೆಲಸ ಕೊಟ್ಟದ್ದು ಅದೇ ಮೊದಲು. ಅದೂ ಕೈಬಿಟ್ಟರೆ ಸಾಯುವವರೆಗೂ ಮೈಕ್ ಸೆಟ್ ಆಗಿಯೇ ಇರಬೇಕಲ್ಲ ಎಂಬ ಹೆದರಿಕೆ ನನಗೆ.

ಆದ್ದರಿಂದ ಗಂಭೀರವಾಗಿ ವ್ಯಾಪಾರ ಮಾಡಲು ತೀರ್ಮಾನಿಸಿದೆ. ಒಡ್ಡನ್‌ಛತ್ರಂ ರಸ್ತೆಯಲ್ಲಿ ಒಂದು ದೊಡ್ಡ ಸಸಿತೋಟ ನೋಡಿದ್ದೆ. ಅದರ ಮಾಲೀಕರು ಗಾಜಿನ ಕೋಣೆಯಲ್ಲಿ ಕುಳಿತು ಬಂದವರಿಗೆ ತಲೆಯಾಡಿಸುತ್ತಾರೆ, ಅಷ್ಟೇ. ಅದೇ ದೊಡ್ಡವರ ಲಕ್ಷಣ ಎಂದುಕೊಂಡು ನಾನೂ ಹಸಿರು ಬಲೆಯ ಚಪ್ಪರದ ಬಾಗಿಲಿಗೆ ಒಂದು ಮೇಜು ಹಾಕಿಕೊಂಡೆ. ಇಸ್ತ್ರಿ ಮಾಡಿದ ಸೀರೆ ಉಟ್ಟೆ. ಯಾರು ಏನು ಕೇಳಿದರೂ ಹೌದು, ಇಲ್ಲ, ನಾಳೆ ಬನ್ನಿ, ಈ ಮೂರರಲ್ಲಿ ಮುಗಿಸಿದೆ. ಅದಕ್ಕಾಗಿ ನಾನು ಪಟ್ಟ ಪಾಡು ನನಗೇ ಗೊತ್ತು. ಎರಡು ವಾರದಲ್ಲಿ ನನಗೆ ಹಲ್ಲುನೋವು ಎಂದು ಸುದ್ದಿಯಾಯಿತು. ಮೂರನೆಯ ವಾರ ನಾನು ಗಂಡನೊಂದಿಗೆ ಜಗಳವಾಡಿದ್ದೇನೆಂದು ರಾಜಿ ಮಾಡಿಸಲು ದೊಡ್ಡವರಿಬ್ಬರು ಬಂದರು. ಸಸಿ ಕೊಳ್ಳಲು ಮಾತ್ರ ದಿನಕ್ಕೆ ಒಬ್ಬಿಬ್ಬರಿಗಿಂತ ಹೆಚ್ಚು ಬರಲಿಲ್ಲ.

ಆ ಹೊತ್ತಿಗೆ ದಿಂಡುಗಲ್ಲಿನಿಂದ ನನ್ನ ಅಕ್ಕನ ಮಗಳು ಬಂದಳು. ಅವಳ ಕೆಲಸ ಸಣ್ಣ ವ್ಯಾಪಾರ ಮಾಡುವ ಹೆಂಗಸರಿಗೆ ಸಲಹೆ ಹೇಳುವುದು. ನಮ್ಮ ಮನೆಮಾತಾದ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಆಡಲು ಹೊರಟರೆ ಮೂರನೆಯ ಪದಕ್ಕೆ ತಮಿಳಿಗೆ ಜಾರುತ್ತಾಳೆ. ಅವಳು ನನ್ನ ಮುಂದೆ ಒಂದು ಹಾಳೆ ಇಟ್ಟಳು. ನೀನು ಎಂಥವಳು? ಏನು ಮಾಡದೆ ನಿನಗೆ ಇರಲಾಗದು? ನಷ್ಟವಾದರೂ ಏನನ್ನು ಮಾಡಲಾರೆ? ಹೀಗೆ ಪರೀಕ್ಷೆಯಂಥ ಪ್ರಶ್ನೆಗಳು. ನನಗೆ ನನ್ನ ಬಗ್ಗೆ ತಿಳಿದಿರುವುದಕ್ಕಿಂತ ಮನೆಯವರಿಗೆ ಹೆಚ್ಚು ತಿಳಿದಿರುತ್ತದೆ ಎಂದು ಹಾಳೆಯನ್ನು ಅವರಿಗೂ ಕೊಟ್ಟಳು. ದಿನಕ್ಕೆ ನಾಲ್ಕು ಮಾತಾಡುವ ನನ್ನ ಗಂಡ ಹಾಳೆ ಸಾಲದೆ ಹಿಂದುಗಡೆಯೂ ಬರೆದರು. ಅತ್ತೆ ಬರೆಯುವವರಲ್ಲ, ಹೇಳಿ ಬರೆಸಿದರು.

“ಇವ್ಳ ವಯಿತ್ನಾಗ ಒಂದ್ ಮಾತ್ ತಂಗಕ್ಕಿಲ್ಲ. ಆನಾ, ಪೊಯ್ ಹೇಳಕ್ ಬರಕ್ಕಿಲ್ಲ.”

ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬ ಮೊದಲ ಭಾಗ ನನಗೆ ಹಳೆಯದು. ಸುಳ್ಳು ಹೇಳಲು ಬರುವುದಿಲ್ಲ ಎಂಬ ಎರಡನೆಯ ಭಾಗವನ್ನು ಅವರ ಬಾಯಿಂದ ನಾನು ಹಿಂದೆಂದೂ ಕೇಳಿರಲಿಲ್ಲ. ಅದನ್ನೂ ಅವರು ಒಂದು ಕುಂದು ಎಂಬಂತೆಯೇ ಹೇಳಿದರು ಅನ್ನಿ.

ಹುಡುಗಿ ಮೂರೂ ಹಾಳೆ ಓದಿ, ನನ್ನ ಇಸ್ತ್ರಿ ಸೀರೆಯನ್ನೂ ಮೇಜನ್ನೂ ನೋಡಿದಳು. “ಚಿತ್ತಿ, ಎಲ್ಲಾರ್ಗೂ ತಿಳ್ದಿರೋ ಇದೊಂದ್ನ ಮಾತ್ರ ಕಡೈಯಾಗ ಯಾಕ್ ಒಳಿಚ್ಚಿಟ್ಟಿದೀ?” ಎಂದಳು. ಅಂಗಡಿಯಲ್ಲಿ ನನ್ನ ಬಾಯಿಯೊಂದನ್ನೇ ಏಕೆ ಬಚ್ಚಿಟ್ಟಿದ್ದೀಯ ಚಿಕ್ಕಮ್ಮ ಎಂಬುದು ಅವಳ ಪ್ರಶ್ನೆ. ಚಾಡಿಯನ್ನು ತಕ್ಕಡಿಯಲ್ಲಿಟ್ಟು ಮಾರಲಾಗುತ್ತದೆಯೇ ಎಂದು ಸಿಡುಕಿದೆ. ಅವಳು ಊಟ ಮಾಡಿ ಬಸ್ ಹತ್ತಿದಳು. ನಾನು ಎರಡು ದಿನ ಮುನಿಸಿಕೊಂಡಿದ್ದೆ. ಮುನಿಸಿಕೊಂಡಾಗ ಮಾತಾಡಬಾರದೆಂಬ ನಿಯಮ ಪಾಲಿಸಲೂ ನನ್ನಿಂದಾಗಲಿಲ್ಲ ಎಂಬುದನ್ನು ಗಂಡ ಈಗಲೂ ನೆನಪಿಸುತ್ತಾರೆ.

ಮೂರನೆಯ ದಿನ ಪಕ್ಕದ ಊರಿನ ಒಬ್ಬರು ಟೊಮೇಟೊ ಸಸಿ ಕೇಳಿಕೊಂಡು ಬಂದರು. ನನ್ನ ಬಾಯಿ ಜಾರಿತು. ಈ ವಾರ ಟೊಮೇಟೊ ಒಯ್ದವರಲ್ಲಿ ನೀವು ಹನ್ನೊಂದನೆಯವರು, ಬದನೆಯನ್ನು ಒಬ್ಬರೂ ಕೇಳಿಲ್ಲ ಎಂದುಬಿಟ್ಟೆ. ಅವರು ಎತ್ತಿಕೊಂಡಿದ್ದ ಸಸಿ ತುಂಬಿದ ತಟ್ಟೆಗಳನ್ನು ಕೆಳಗಿಟ್ಟು ತಲೆ ಕೆರೆದುಕೊಂಡರು. ಹನ್ನೊಂದು ಜನರ ಟೊಮೇಟೊ ಒಂದೇ ವಾರ ಹಣ್ಣಾಗಿ ಒಂದೇ ವಾರ ಒಡ್ಡನ್‌ಛತ್ರಂ ಸಂತೆಗೆ ಹೋದರೆ ಬೆಲೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅರ್ಧ ಟೊಮೇಟೊ, ಅರ್ಧ ಬದನೆ ಕೊಂಡುಹೋದರು. ಮರುದಿನ ಇನ್ನೂ ಮೂವರು ಬಂದು, ಸಸಿ ನೋಡುವ ಮೊದಲು ಯಾರು ಏನು ನೆಡುತ್ತಿದ್ದಾರೆ ಎಂದು ಕೇಳಿದರು.

ಆಗ ನನಗೆ ಹೊಳೆಯಿತು. ಎರಡು ತಿಂಗಳ ಮೇಲೆ ಈ ಸುತ್ತಿನ ಹೊಲಗಳಲ್ಲಿ ಏನು ಕೊಯ್ಲಾಗುತ್ತದೆ ಎಂಬುದು ಸಸಿ ಮಾರುವವಳಿಗೆ ಇವತ್ತೇ ಗೊತ್ತಿರುತ್ತದೆ. ಬೇರೆ ಸಸಿತೋಟದವರಿಗೂ ಗೊತ್ತಿರುತ್ತದೆ, ಆದರೆ ಅವರಿಗೆ ಬಾಯಿ ಬಿಗಿಹಿಡಿಯಲು ಬರುತ್ತದೆ.

ಮುಚ್ಚಿಹೋದ ಒಂದು ಟ್ಯೂಷನ್ ಸೆಂಟರಿನಿಂದ ಕರಿಹಲಗೆ ತಂದು ಬೇವಿನ ಮರಕ್ಕೆ ಕಟ್ಟಿದೆ. ಪ್ರತಿ ಬುಧವಾರ, ಆ ವಾರ ಯಾವ ಸಸಿ ಎಷ್ಟು ತಟ್ಟೆ ಹೋಯಿತು ಎಂದು ಬರೆಯುವುದು. ಬರೆಯುವುದು ತಮಿಳಿನಲ್ಲಿ, ಬೈಸಿಕೊಳ್ಳುವುದು ಮನೆಮಾತಿನಲ್ಲಿ. ಮೊದಲ ವಾರ ಉತ್ಸಾಹದಲ್ಲಿ ಒಯ್ದವರ ಹೆಸರನ್ನೂ ಬರೆದೆ. ಪಾಲಾಗಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬ ಗುಟ್ಟಾಗಿ ಗುತ್ತಿಗೆಗೆ ನೆಲ ಹಿಡಿದಿದ್ದಾನೆ ಎಂಬುದು, ಅವನ ಪಾಲಿನ ಹೊಲಕ್ಕೆ ಮೀರಿದ ತಟ್ಟೆಗಳ ಲೆಕ್ಕದಿಂದ, ಇನ್ನೊಬ್ಬನಿಗೆ ನನ್ನ ಹಲಗೆಯಿಂದಲೇ ತಿಳಿದು, ಇಬ್ಬರೂ ಬೇವಿನ ಮರದ ಕೆಳಗೆ ಜಗಳಕ್ಕೆ ಪಂಚೆ ಎತ್ತಿಕಟ್ಟಿ ನಿಂತರು. ಅತ್ತೆ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡರು. ಆವರೆಗೆ ಕೂಗುತ್ತಿದ್ದವಳು ಈಗ ಅಚ್ಚು ಹಾಕಿಸಲು ಶುರುಮಾಡಿದ್ದಾಳೆ ಎಂದು ರಾತ್ರಿಯ ಊಟಕ್ಕೆ ಬಂದವರಿಗೆಲ್ಲ ಹೇಳಿದರು.

ಅವತ್ತು ಹೆಸರುಗಳನ್ನು ಒರೆಸಿದೆ. ಬೆಳೆಯ ಸುದ್ದಿ ಎಲ್ಲರದು, ಮನೆಯ ಸುದ್ದಿ ಮನೆಯವರದು. ಇಷ್ಟು ಚಿಕ್ಕ ವ್ಯತ್ಯಾಸ ಕಲಿಯಲು ನನಗೆ ಐವತ್ತು ವರ್ಷ ಬೇಕಾಯಿತು. ಯಾರ ಹೆಸರನ್ನೂ ಎತ್ತದೆ ವಾರವೆಲ್ಲ ಮಾತಾಡುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು. ಆದರೆ ಮೇಜನ್ನು ತೆಗೆದು ಕಲ್ಲುಬೆಂಚು ಹಾಕಿದೆ, ಹಳೇ ಸೀರೆ ಉಟ್ಟೆ, ಬಾಯಿ ತೆರೆದೆ. ಜನ ಬಂದರು.

ಮುಂದಿನ ಮಳೆಗಾಲದ ಐಪ್ಪಸಿ ತಿಂಗಳಲ್ಲಿ ಟೊಮೇಟೊ ಬೆಲೆ ಏರಿತು. ಏರಿದ್ದು ಇಳಿಯಲೇ ಇಲ್ಲ. ಎಲ್ಲರಿಗೂ ಟೊಮೇಟೊ ಬೇಕು. ಆಸೆ ನನ್ನನ್ನೂ ಬಿಡಲಿಲ್ಲ, ಚಪ್ಪರದ ತುಂಬ ಟೊಮೇಟೊ ಬೀಜವನ್ನೇ ಹಾಕಿದೆ. ಮಾರ್ಗಳಿ ಹುಟ್ಟುವ ಹೊತ್ತಿಗೆ ಸಸಿಗಳು ಗೇಣುದ್ದ ನಿಂತವು. ಆ ವಾರದ ಲೆಕ್ಕವನ್ನು ಎರಡು ಸಲ ಕೂಡಿಸಿ ನೋಡಿದೆ. ಹಲಗೆ ಕಟ್ಟಿದ ಮೇಲೆ ಅಷ್ಟೊಂದು ಟೊಮೇಟೊ ಯಾವ ವಾರವೂ ಹೋಗಿರಲಿಲ್ಲ. ಅದನ್ನು ಬರೆದರೆ ಉಳಿದ ಸಸಿಯನ್ನು ಕೇಳುವವರಿಲ್ಲ. ಟೊಮೇಟೊ ಸಸಿ ಕಾಯುವುದಿಲ್ಲ. ಇನ್ನು ಹತ್ತು ದಿನ ತಟ್ಟೆಯಲ್ಲಿಯೇ ಇದ್ದರೆ ಗೊಬ್ಬರದ ಗುಂಡಿಗೇ ಸರಿ. ಪೊಂಗಲ್‌ಗೆ ತಿಂಗಳೂ ಇರಲಿಲ್ಲ.

ಬುಧವಾರ ಬೆಳಗ್ಗೆ ನನ್ನ ಗಂಡ ಹಲ್ಲುಜ್ಜುತ್ತಾ ಹತ್ತಿರ ಬಂದು ನಿಂತರು. “ಈ ವಾರ ಒಂದ್ ಬರೀಬ್ಯಾಡ. ಯಾರ್ ಕೇಳ್ತಾರ?” ಎಂದರು. ಅವರ ಕೋಟಾದ ನಾಲ್ಕು ಮಾತುಗಳಲ್ಲಿ ಎರಡನ್ನು ನನಗಾಗಿ ಖರ್ಚು ಮಾಡಿದ್ದರು, ಅದಕ್ಕೆ ನನಗೆ ಕೋಪ ಬರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬರೆಯದಿರುವುದು ಸುಳ್ಳು ಹೇಳಿದಂತೆ ಅಲ್ಲವಲ್ಲ ಎಂದು ನಾನೂ ಲೆಕ್ಕ ಹಾಕಿದೆ. ಸೀಮೆಸುಣ್ಣದ ಕಡ್ಡಿಯನ್ನು ಸೆರಗಿಗೆ ಕಟ್ಟಿಕೊಂಡು ಸಸಿಗೆ ನೀರು ಹೊಡೆಯಲು ಹೋದೆ.

ಹತ್ತು ಗಂಟೆಗೆ ಬತ್ತಲಗುಂಡಿನಿಂದ ಒಬ್ಬರು ಸಣ್ಣ ಲಾರಿಯನ್ನೇ ತಂದರು. ಅಲ್ಲಿ ಹೊಸದಾಗಿ ನೀರಾವರಿ ಮಾಡಿಸಿದ್ದಾರಂತೆ, ಇರುವ ಟೊಮೇಟೊವನ್ನೆಲ್ಲ ಹಾಕಿ ಎಂದರು. ತಟ್ಟೆಗಳು ಲಾರಿಗೆ ಏರತೊಡಗಿದವು. ನನ್ನ ಇಡೀ ವರ್ಷದ ಕಷ್ಟ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಆ ಮನುಷ್ಯ ಬೇವಿನ ಮರದ ಕೆಳಗೆ ಹೋಗಿ ಹಲಗೆ ಓದಲು ನಿಂತರು. ಹೋದ ವಾರದ್ದು ಹಾಗೆಯೇ ಇತ್ತು. ಅವರು ಒಂದೊಂದೇ ಸಾಲನ್ನು ಬೆರಳಿಟ್ಟು ಓದಿ, ಇವತ್ತು ಬುಧವಾರ ಅಲ್ಲವೇ ಎಂದು ಕೇಳಿದರು. ಅನುಮಾನದಿಂದಲ್ಲ, ಸುಮ್ಮನೆ.

ಅತ್ತೆ ಜಗಲಿಯಲ್ಲಿ ಕುಳಿತಿದ್ದರು. ಪೊರೆ ತೆಗೆಸಿದ ಕಣ್ಣಿಗೆ ಎಲ್ಲವೂ ಕಾಣುತ್ತದೆ.

ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹಲಗೆ ಒರೆಸಿ ಆ ವಾರದ ಲೆಕ್ಕ ಬರೆದೆ. ಟೊಮೇಟೊ ಸಾಲಿನ ಮುಂದಿನ ಅಂಕಿ ದೊಡ್ಡದಾಗಿ, ಸೊಟ್ಟಗೆ ಬಂತು. ಅವರು ಓದಿದರು, ಲಾರಿಯ ಕಡೆ ನೋಡಿದರು, ಮತ್ತೆ ಓದಿದರು. ಎಂಟು ತಟ್ಟೆ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಇಳಿಸಿದರು. ಮೆಣಸಿನಕಾಯಿ ಇದೆಯೇ ಎಂದರು. ಇರಲಿಲ್ಲ, ಆಸೆಬುರುಕಿ ನಾನು ಮೆಣಸಿನಕಾಯಿ ಹಾಕಿರಲೇ ಇಲ್ಲ.

ಹತ್ತು ದಿನದಲ್ಲಿ ಸಸಿಗಳು ಉದ್ದುದ್ದ ಬೆಳೆದು ಒಂದರ ಮೇಲೊಂದು ಬಿದ್ದವು. ತಟ್ಟೆಗಳನ್ನಾದರೂ ಉಳಿಸಿಕೊಳ್ಳೋಣವೆಂದು ಕಿತ್ತು ಗುಂಡಿಗೆ ಹಾಕುತ್ತಾ ಕುಳಿತಿದ್ದಾಗ ಅತ್ತೆ ಬಂದು ಎದುರಿಗೆ ಕುಳಿತರು. ಒಂದೂ ಮಾತಾಡದೆ ಅವರೂ ಕೀಳತೊಡಗಿದರು. ಅವರ ಮೌನ ಬೈಗುಳವೋ ಸಮಾಧಾನವೋ ನನಗೆ ತಿಳಿಯಲಿಲ್ಲ. ಹೆದರಿ ನಾನೂ ಸುಮ್ಮನಿದ್ದೆ. ಇಡೀ ಮಧ್ಯಾಹ್ನ ನಾನು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು, ಅದಕ್ಕೆ ಸಾಕ್ಷಿಗಳಿಲ್ಲದಿರುವುದು ನನ್ನ ದುರದೃಷ್ಟ.

ಕತೆಗಾಗಿ ಟೊಮೇಟೊ ಬೆಲೆ ಪಾತಾಳಕ್ಕಿಳಿಯಿತು ಎಂದು ಹೇಳಬಹುದಿತ್ತು. ಹಾಗಾಗಲಿಲ್ಲ. ಬೆಲೆ ಇಳಿಯಿತು, ಆದರೆ ನಾನು ಹೆದರಿದಷ್ಟಲ್ಲ. ಲಾರಿ ತಂದಿದ್ದವರು ಮಾಸಿ ತಿಂಗಳಲ್ಲಿ ಮತ್ತೆ ಬಂದು, ಅಷ್ಟನ್ನೂ ಒಯ್ದಿದ್ದರೂ ಏನೂ ಮುಳುಗುತ್ತಿರಲಿಲ್ಲ, ನಿಮ್ಮಿಂದ ನನಗೆ ನಷ್ಟವೇ ಎಂದು ನಗುತ್ತಾ ಬೈದರು. ಬೈದದ್ದು ಹಲಗೆಯನ್ನು ಪೂರ್ತಿ ಓದಿ ಮುಗಿಸಿದ ಮೇಲೆ.

ಅದಕ್ಕೂ ಮುಂಚೆ ಪೊಂಗಲ್ ಬಂದಿತ್ತು. ಹಬ್ಬದ ಮರುದಿನ, ದನಗಳ ಕೊಂಬಿಗೆ ಬಣ್ಣ ಬಳಿದ ಕೈಯನ್ನೂ ತೊಳೆಯದೆ ನಾನು ಬಾವಿಯ ಹತ್ತಿರ ನಿಂತಿದ್ದೆ. ಅತ್ತೆ ಬರುವುದು ಕಾಣಿಸಿತು. ಬಾಳೆಯ ಮಾತೆತ್ತುತ್ತಾರೆ ಎಂದು ಬಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅವರು ಕಲ್ಲುಬೆಂಚಿನ ಮೇಲೆ ಕುಳಿತು, ಪಕ್ಕದಲ್ಲಿ ಕುಳಿತುಕೋ ಎಂದು ಕೈಯಲ್ಲಿ ತೋರಿಸಿದರು. ಆಮೇಲೆ, ತಮ್ಮ ಮಗನಿಗೂ ಮಗಳಿಗೂ ಹೇಳಿರದ ಒಂದು ವಿಷಯವನ್ನು ನನಗೆ ಹೇಳಿದರು. ಹೇಳಿ ಮುಗಿಸಿ ಎದ್ದರು, ಬೇವಿನ ಮರದ ಹಲಗೆಯ ಕಡೆ ಗದ್ದ ಎತ್ತಿದರು.

“ಇದ ಪಲಗೈಮ್ಯಾಲ ಬರೀಬ್ಯಾಡ, ತಾಯಿ.”

ಮೂವತ್ತು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕರೆದಿರಲಿಲ್ಲ. ಬಾಳೆಯ ಮಾತು ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಈ ಸಲ ಈರುಳ್ಳಿಯ ನೆಪ ಬೇಕಾಗಲಿಲ್ಲ, ಬಾವಿಕಟ್ಟೆಯ ಮೇಲೆ ಕುಳಿತು ಧಾರಾಳವಾಗಿ ಅತ್ತುಬಿಟ್ಟೆ.

ಅಮ್ಮ ಏನು ಹೇಳಿದರು ಎಂದು ನನ್ನ ಗಂಡ ಅವತ್ತು ಊಟದಲ್ಲಿ ಮೂರು ಸಲ ಕೇಳಿದರು. ಹೇಳುವ ಮಾತಲ್ಲ ಎಂದೆ. ತುತ್ತು ಕೈಯಲ್ಲೇ ಹಿಡಿದು ನನ್ನ ಮುಖವನ್ನು ನೋಡಿದರು. ಈಗಲೂ ಆಗಾಗ ಬೇರೆ ದಾರಿಯಿಂದ ಕೇಳಿ ನೋಡುತ್ತಾರೆ. ಅಕ್ಕನ ಮಗಳೂ ಫೋನಿನಲ್ಲಿ ಪ್ರಯತ್ನಿಸಿ ಸೋತಳು. ಎರಡು ವರ್ಷವಾಯಿತು, ನಿಮಗೂ ಹೇಳುವುದಿಲ್ಲ. ತೀರಾ ತಡೆಯಲಾಗದ ದಿನ ಚಪ್ಪರದೊಳಗೆ ಹೋಗಿ ಬದನೆ ಸಸಿಗಳಿಗೆ ಮೆಲ್ಲಗೆ ಹೇಳಿಬರುತ್ತೇನೆ. ಅವು ಬತ್ತಲಗುಂಡಿಗೋ ಇನ್ನೆಲ್ಲಿಗೋ ಹೋಗಿ, ಯಾರಿಗೂ ಹೇಳದೆ ಕಾಯಿ ಬಿಡುತ್ತವೆ.