ಮೊದಲೇ ಬಂದ ದನಿ

ಹೋದ ತಿಂಗಳು ಅಣ್ಣಿಗೇರಿಯ ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ಹತ್ತಿಕಾಳಿನ ವಾಸನೆ ಬಂತು. ನಿಮಗದು ಎಮ್ಮೆಯ ಮೇವಿನ ವಾಸನೆ. ನನಗೆ ಹಾರ್ಡ್ ರಾಕ್ ಸಂಗೀತದ್ದು. ನಗಬೇಡಿ.

ಎಂಬತ್ತರ ದಶಕದಲ್ಲಿ ನಮ್ಮದೂ ಒಂದು ಬ್ಯಾಂಡ್ ಇತ್ತು. ಹೆಸರು ‘ಯರಿಮಣ್ಣು’, ನಮ್ಮ ಹೊಲಗಳ ಕಪ್ಪು ಮಣ್ಣಿನದು. ಊರ ಹೊರಗೆ ಬಾಗಿಲು ಮುಚ್ಚಿದ್ದ ಹತ್ತಿ ಗಿರಣಿಯಲ್ಲಿ ನಮ್ಮ ತಾಲೀಮು. ಡ್ರಮ್ಮಿಗೆ ದಸ್ತಗೀರ, ಅವನ ಮನೆತನದವರು ಮದುವೆ ಮೆರವಣಿಗೆಗಳಲ್ಲಿ ಬಾರಿಸುವವರು. ಗಿಟಾರಿಗೆ ನಾನು. ಬೆರಳಿಗೆ ಮೂರೇ ಕಾರ್ಡ್ ಹಿಡಿತಗಳು ಬರುತ್ತಿದ್ದವು. ನಾಲ್ಕನೆಯದು ಬೇಕಾದಾಗ ತಲೆಯನ್ನು ಜೋರಾಗಿ ಅಲ್ಲಾಡಿಸುತ್ತಿದ್ದೆ. ಪೆಂಡಾಲಿನವರಿಂದ ತಂದ ಸ್ಪೀಕರಿನ ಒಳಗಿನ ಕಾಗದದ ಪರದೆ ಹರಿದಿತ್ತು. ನನ್ನ ಗಿಟಾರಿನಿಂದ ಬರುತ್ತಿದ್ದ ಗುರುಗುಟ್ಟುವ ಸದ್ದು ಅದರದ್ದೇ. ಕೇಳಿದವರು ನನ್ನ ಕೈಚಳಕ ಎಂದುಕೊಂಡರು, ನಾನೂ ಅಲ್ಲವೆನ್ನಲಿಲ್ಲ.

ಹಾಡುವವನು ಶಿವಾನಂದ. ಭಜನೆಯ ಮನೆತನದವನು. ಮೇಲಿನ ಸ್ವರಕ್ಕೆ ಏರಿ, ಅಲ್ಲಿ ದನಿಯನ್ನು ಹಳೆ ಧೋತರದಂತೆ ಪರ್ರನೆ ಹರಿಯುತ್ತಿದ್ದ. ಖಾಲಿ ಗಿರಣಿ ಆ ಕೂಗನ್ನು ತಿರುಗಿ ಕೊಡುತ್ತಿತ್ತು.

ಒಂದು ಮಧ್ಯಾಹ್ನ ಅವನು ಹಾಡನ್ನು ಅರ್ಧಕ್ಕೇ ನಿಲ್ಲಿಸಿದ.

“ಲೇ, ನಾ ಇನ್ನೂ ಕೂಗಿಲ್ಲ. ಮಾರ್ದನಿ ಮದಲ ಬಂತು.”

“ನಿನ್ನ ಕಿವಿ ಕೆಟ್ಟಾವು,” ಎಂದ ದಸ್ತಗೀರ. “ಆ ಸ್ಪೀಕರ್ ಬಾಜೂಕ ನಿಂತ್ರ ಯಾರಿಗಾದ್ರೂ ಹಂಗ ಆಗತೈತಿ.”

ಮತ್ತೆ ಶುರು ಮಾಡಿದೆವು. ಈ ಸಲ ನನಗೂ ಕೇಳಿಸಿತು. ಶಿವಾನಂದ ಉಸಿರು ಎಳೆದುಕೊಳ್ಳುತ್ತಿದ್ದಾಗಲೇ ಹತ್ತಿ ಬಿಡಿಸುವ ಯಂತ್ರಗಳ ಸಾಲಿನ ಆಚೆಯಿಂದ ಕೂಗು ಬಂತು. ಅವನದೇ ದನಿ. ದಸ್ತಗೀರನ ಕೋಲು ಗಾಳಿಯಲ್ಲೇ ನಿಂತಿತು. ಹೋಗಿ ನೋಡಿದೆವು. ತುಕ್ಕು, ಧೂಳು, ಹಳೆಯ ಹತ್ತಿಕಾಳು, ಮತ್ತೇನಿಲ್ಲ.

ಜಾಣರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆವು. ಆದರೆ ಹುಬ್ಬಳ್ಳಿಯ ಸ್ಪರ್ಧೆಗೆ ಹೆಸರು ಕೊಟ್ಟಾಗಿತ್ತು. ಅಲ್ಲಿ ಈ ಗಿರಣಿ ಇರುವುದಿಲ್ಲವಲ್ಲ ಎಂದು ಧೈರ್ಯ ತಂದುಕೊಂಡೆವು.

ವೇದಿಕೆಯ ಮೇಲೆ ನಾನು ಶಿವಾನಂದನ ಪಕ್ಕದಲ್ಲಿದ್ದೆ. ಅವನ ದನಿಯಲ್ಲಿ ಹಾಡು ಎದ್ದಿತು, ಸಭೆಯೂ ಎದ್ದು ನಿಂತಿತು. ಜನಕ್ಕೆ ಮೈಕು ಅಡ್ಡವಾಗಿತ್ತು, ನನಗೆ ಇರಲಿಲ್ಲ. ಅವನ ಬಾಯಿ ಮುಚ್ಚಿತ್ತು. ಕಣ್ಣುಗಳು ನನ್ನ ಮೇಲೆ ನೆಟ್ಟಿದ್ದವು. ಹಾಡು ಮುಗಿಯುವವರೆಗೂ ಅವನು ತುಟಿ ಬಿಚ್ಚಲಿಲ್ಲ. ಮೊದಲ ಬಹುಮಾನ ನಮಗೇ ಬಂತು. ಇಂಥ ಕಂಠ ತಾವು ಕೇಳಿಯೇ ಇಲ್ಲವೆಂದರು ತೀರ್ಪುಗಾರರು.

“ಕಪ್ ನೀವ ಇಟ್ಕೋರಿ,” ಎಂದ ಶಿವಾನಂದ, ಬಸ್‌ಸ್ಟ್ಯಾಂಡಿನಲ್ಲಿ. “ಅದು ನಂದಲ್ಲ.”

ಮರುದಿನ ಚುರುಗುಟ್ಟುವ ಬಿಸಿಲಲ್ಲಿ ಮೂವರೂ ಗಿರಣಿಗೆ ಹೋದೆವು. ಶಿವಾನಂದ ನಡುವೆ ನಿಂತು ಕೂಗಿದ: “ನನ್ನ ದನಿ ನನಗ ಕೊಡು!”

ಮಾರ್ದನಿ ಬರಲಿಲ್ಲ. ದಸ್ತಗೀರ ಚಪ್ಪಾಳೆ ತಟ್ಟಿದ. ಅದೂ ಮರಳಲಿಲ್ಲ. ಅಷ್ಟು ದೊಡ್ಡ ಖಾಲಿ ಕಟ್ಟಡದಲ್ಲಿ, ಗಾದಿಗೆ ಮುಖ ಒತ್ತಿ ಮಾತಾಡಿದಂತಿತ್ತು.

“ನಡೀರಿ, ಹೋಗೂಣು,” ಎಂದ ದಸ್ತಗೀರ, ಮೆಲ್ಲಗೆ. ಬ್ಯಾಂಡ್ ಅಲ್ಲಿಗೆ ಮುಗಿಯಿತು.

ಹೋದ ತಿಂಗಳು ಬಸ್ಸಿಳಿದ ಮೇಲೂ ಮನಸ್ಸು ತಡೆಯಲಿಲ್ಲ. ಮರುದಿನವೇ ಗುಡಗೇರಿಗೆ ಹೋದೆ. ಶಿವಾನಂದ ಈಗ ಅಲ್ಲಿ ಜೋಳ, ಕಡಲೆಯ ವ್ಯಾಪಾರ ಮಾಡುತ್ತಾನೆ. ಸಂಜೆ ಮಠದ ಭಜನೆಗೆ ಹೊರಟಿದ್ದ.

“ಮತ್ತ ಹಾಡಾಕತ್ತೀ ಏನಪಾ?” ಎಂದೆ.

“ಮಂದಿ ಕೂಡ ಕೂಡಿ ಹಾಡೂದಷ್ಟ. ಒಬ್ಬನ ಹಾಡಂಗಿಲ್ಲ,” ಎಂದ. “ಅಲ್ಲಿ ಯಾವ ದನಿ ಯಾರದು ಅಂತ ಕೇಳೂ ಪ್ರಸಂಗ ಬರಂಗಿಲ್ಲ ನೋಡು. ಬಾ, ನೀನೂ ಕೂಡು.”

ಮಠಕ್ಕೆ ಹೋಗಿ ಕುಳಿತೆ. ಎಂದೂ ಹಾಡದ ನಾನು ಎಲ್ಲರೊಡನೆ ದನಿಗೂಡಿಸಿದೆ. ಪಕ್ಕದಲ್ಲಿ ಅವನ ತುಟಿಗಳು ಆಡುತ್ತಿದ್ದವು; ಕಣ್ಣಾರೆ ಕಂಡು ಸಮಾಧಾನವಾಯಿತು. ಆಮೇಲೆ ನನ್ನವೂ ಆಡುತ್ತಿವೆಯೇ ಎಂದು ಬೆರಳಿಟ್ಟು ನೋಡಿಕೊಂಡೆ.