ನೀವು ಯಾರ ಪೈಕಿ?

ನಮ್ಮ ವೈನಿಯ ಬಲಗೈ ಹೆಬ್ಬೆರಳು ಸುಮ್ಮನಿದ್ದದ್ದನ್ನು ನಾನು ಬಹಳ ವರ್ಷ ನೋಡಿರಲಿಲ್ಲ. ಎದುರಿಗೆ ಯಾರಾದರೂ ಬಂದು ಕೂತರೆ ಸಾಕು, ಅದು ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಮೆಲ್ಲಗೆ ಓಡಾಡಲು ಶುರುಮಾಡುತ್ತಿತ್ತು. ಹೊಸಬರು ನೋಡಿ ಜಪ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಜಪವಲ್ಲ. ಒಂದೊಂದು ಗೆಣ್ಣೂ ಒಂದೊಂದು ಊರು, ಆ ಊರಿನ ಮನೆತನಗಳು. ತೋರುಬೆರಳು ರಾಯಚೂರಿನ ಕಡೆಯದು, ನಡುಬೆರಳು ಕಲಬುರಗಿ, ಉಂಗುರದ ಬೆರಳು ಯಾದಗಿರಿ, ಕಿರುಬೆರಳು ಬೀದರ್. ಅರಿಸಿನ ಹಿಡಿದು ಹಿಡಿದು ಹಳದಿಯಾದ ಆ ಹೆಬ್ಬೆರಳಿನ ಉಗುರು ಎಲ್ಲಿ ನಿಂತಿತೋ ಅಲ್ಲೊಂದು ವರ, ಇಲ್ಲವೇ ಒಂದು ಕನ್ಯೆ ಸಿಕ್ಕಿತೆಂದೇ ಅರ್ಥ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ರಾಯಚೂರಿನ ಕಡೆಯಿಂದ ಹೈದರಾಬಾದಿಗೆ ಬಂದು ಮೆಹದಿಪಟ್ಟಣಂನಲ್ಲಿ ಮನೆ ಮಾಡಿದಾಗ ನಾನೂ ಅವರ ಹಿಂದೆ ಬಂದೆ. ಹತ್ತನೆಯ ತರಗತಿ ಪಾಸಾಗಿದ್ದೆ. ಅಬಿಡ್ಸ್‌ನ ಒಂದು ಪುಸ್ತಕದಂಗಡಿಯಲ್ಲಿ ಶಾಲಾ ಪುಸ್ತಕ ಮಾರುತ್ತ ಆಯುಷ್ಯ ಕಳೆದೆ. ಅಣ್ಣ ತೀರಿಕೊಂಡ ಮೇಲೂ ವೈನಿ ನಮ್ಮೊಂದಿಗೇ ಇದ್ದರು.

ಅವರ ಉದ್ಯೋಗ ಸಂಬಂಧ ಕೂಡಿಸುವುದು. ಉದ್ಯೋಗ ಎಂದು ಈಗ ಬರೆಯುತ್ತಿದ್ದೇನೆ. ಆಗ ಯಾರಾದರೂ ಹಾಗೆಂದಿದ್ದರೆ ನಕ್ಕುಬಿಡುತ್ತಿದ್ದೆ. ಈ ಊರಿನಲ್ಲಿ ನಮ್ಮ ಕಡೆಯ ಮಂದಿ ಅಲ್ಲಲ್ಲಿ ಚದುರಿಹೋಗಿದ್ದಾರೆ. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಮನೆಯೊಳಗೆ ಮಾತ್ರ ಕನ್ನಡ. ಮಕ್ಕಳು ಮದುವೆಯ ವಯಸ್ಸಿಗೆ ಬಂದಾಗ ತಂದೆ ತಾಯಿಗೆ ದಿಗಿಲು. ಆಗ ಅವರು ಭಾನುವಾರ ನಮ್ಮ ಮನೆಗೆ ಬರುತ್ತಿದ್ದರು. ವೈನಿ ನೀರು ಕೊಟ್ಟು, ಎದುರಿಗೆ ಕೂತು, ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೀವು ಯಾರ ಪೈಕಿ ರೀ?"

ಅಷ್ಟರಿಂದ ಶುರುವಾಗುತ್ತಿತ್ತು. ಬಂದವರು ಊರು ಹೇಳಿದರೆ ವೈನಿ ಓಣಿ ಹೇಳುವರು. ಓಣಿ ಹೇಳಿದರೆ ಆ ಮನೆಯ ಸೋದರಮಾವನ ಹೆಸರು ಬರುವುದು. ಕೂಡಿಸುವುದಷ್ಟೇ ಅಲ್ಲ, ತೂಗಿ ನೋಡುವುದೂ ಇತ್ತು. ಯಾರ ಅಜ್ಜನಿಗೂ ಯಾರ ಅಜ್ಜನಿಗೂ ಹೊಲದ ಬದುವಿನ ಜಗಳವಾಗಿತ್ತು, ಯಾವ ಅತ್ತೆಯ ಬಾಯಿ ಜೋರು, ಯಾವ ಹುಡುಗ ಸಿಟ್ಟು ಬಂದರೆ ಊಟ ಬಿಡುತ್ತಾನೆ, ಎಲ್ಲವನ್ನೂ ತಲೆಯಲ್ಲಿ ಹಿಡಿದು ಆಚೀಚೆ ಮಾಡಿ ನೋಡುವರು. ಒಮ್ಮೆ ಒಬ್ಬ ಹುಡುಗನ ತಾಯಿ, "ಹುಡುಗಿ ಭಾಳ ಮಾತಾಡ್ತಾಳ್ರೀ," ಎಂದು ಮುಖ ಸಿಂಡರಿಸಿದರು. ವೈನಿ, "ನಿನ್ನ ಮಗ ಬಾಯಿ ತೆಗೆಯೂದು ಊಟಕ್ಕ ಅಷ್ಟ. ಮನ್ಯಾಗ ಒಬ್ಬರರ ಮಾತಾಡಬೇಕಲ್ಲ ಯವ್ವಾ?" ಎಂದರು. ಆ ಮದುವೆ ಆಯಿತು. ಈಗ ಆ ಮನೆಯಲ್ಲಿ ಮೊಮ್ಮಕ್ಕಳ ಗದ್ದಲ.

ನನ್ನ ಹೆಂಡತಿಯನ್ನೂ ವೈನಿ ಅದೇ ಬೆರಳುಗಳ ಮೇಲೆಯೇ ಹುಡುಕಿದ್ದರು. ನನ್ನಂಥ ಸಿಡುಕನಿಗೆ ಅಷ್ಟು ತಾಳ್ಮೆಯ ಹೆಂಗಸನ್ನು ಹೇಗೆ ಹುಡುಕಿದಿರಿ ಎಂದು ಕೇಳಿದರೆ, "ಆಕಿಗೆ ಮೂವರು ಅಣ್ಣಂದಿರು, ಮೂವರೂ ನಿನಗಿಂತ ಸಿಡುಕರು. ರೂಢಿ ಐತಿ," ಎಂದು ನಗುತ್ತಿದ್ದರು.

ಇನ್ನು ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ತಡ ಮಾಡಿದಷ್ಟೂ ಬರೆಯುವ ಧೈರ್ಯ ಕಡಿಮೆಯಾಗುತ್ತದೆ.

ಹೆಂಡತಿ ತೀರಿಕೊಂಡಳು, ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂತೆ. ಮಗ ಸೊಸೆ ಹಗಲೆಲ್ಲ ಕೆಲಸಕ್ಕೆ ಹೋಗುತ್ತಿದ್ದರು. ಮನೆಗೆ ಬರುವ ಜನರ ಮೇಲೆ ಆಗ ನನಗೆ ಅಸಹನೆ ಶುರುವಾಯಿತು. ಭಾನುವಾರ ಬಾಗಿಲ ತುಂಬ ಚಪ್ಪಲಿ, ಫೋನು ಬಿಡುವಿಲ್ಲದೆ ಬಡಿದುಕೊಳ್ಳುವುದು. ಒಂದು ದಿನ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಕಲಬುರಗಿಯಿಂದ ಹುಡುಗನ ಕಡೆಯವರ ಫೋನು ಬಂತು. ಕನ್ಯೆ ನೋಡಲು ಮರುದಿನದ ರೈಲಿಗೆ ಹೊರಡುತ್ತೇವೆ, ಎಲ್ಲಿಗೆ ಬರಬೇಕು ಎಂದರು. ವೈನಿ ರೊಟ್ಟಿ ಹಿಟ್ಟು ನಾದುತ್ತಿದ್ದರು. ಒಳಗಿನಿಂದಲೇ ಕೂಗಿದರು: "ಲಿಂಗಂಪಲ್ಲಿ ಚೌರಸ್ತಾ ಅಂತ ಹೇಳು ತಮ್ಮಾ. ಕಾಚಿಗೂಡಾ ಕಡೀದು!"

ಈ ಊರಿನಲ್ಲಿ ಎರಡು ಲಿಂಗಂಪಲ್ಲಿಗಳಿವೆ. ಒಂದು ಕಾಚಿಗೂಡದ ಬಳಿಯ ಹಳೆಯ ಚೌರಸ್ತೆ, ಇನ್ನೊಂದು ಊರಿನ ಆ ತುದಿಯ ರೈಲು ನಿಲ್ದಾಣ. ನಡುವೆ ಇಡೀ ನಗರ. ಕಣ್ಣು ಟಿವಿಯ ಮೇಲಿಟ್ಟುಕೊಂಡೇ ನಾನು ಫೋನಿನಲ್ಲಿ, "ಲಿಂಗಂಪಲ್ಲಿ ರೀ. ನಿಮ್ಮ ಗಾಡಿ ಅಲ್ಲೇ ನಿಲ್ತೈತಿ, ಇಳಕೊಳ್ರಿ. ಅಲ್ಲಿಂದ ಹತ್ರ," ಎಂದುಬಿಟ್ಟೆ.

ಅವರು ಇಳಿದರು. ಹಣ್ಣು, ಸೀರೆ, ಹಿರಿಯರು, ಎಲ್ಲ ಕೂಡಿ ಆ ನಿಲ್ದಾಣದ ಸುತ್ತ ಬಿಸಿಲಲ್ಲಿ ಅಲೆದರು. ಇತ್ತ ಕಾಚಿಗೂಡದ ಕಡೆ ಹುಡುಗಿಯ ಮನೆಯಲ್ಲಿ ಹೋಳಿಗೆ ಆರಿಹೋಗುತ್ತಿತ್ತು. ಗೊಂದಲ ತಿಳಿದು ಆಟೋ ಹಿಡಿದು ಊರು ದಾಟುವಷ್ಟರಲ್ಲಿ ರಾಹುಕಾಲ ಬಂತು. ಹುಡುಗನ ಸೋದರಮಾವ, "ಮೊದಲನೇ ದಿನಾನ ದಾರಿ ತಪ್ಪಿಸಿದ ಸಂಬಂಧ ನಮಗ ಬ್ಯಾಡ," ಎಂದು ಎಲ್ಲರನ್ನೂ ಹಿಂದಕ್ಕೆ ಕರೆದುಕೊಂಡು ಹೋದರು.

ಹುಡುಗಿಯ ತಂದೆ ಸಿಟ್ಟಿನಿಂದ ಫೋನು ಮಾಡಿದರು. ಎತ್ತಿದವನು ನಾನೇ. ತಪ್ಪು ನನ್ನದು ಎನ್ನಲು ಒಂದು ಕ್ಷಣ ಸಾಕಿತ್ತು. ನಾನು ಹೇಳಿದ್ದು ಬೇರೆ: "ಏನು ಮಾಡೂದ್ರಿ, ವೈನಿಗೆ ವಯಸ್ಸಾತು. ಮರವು ಬಂದೈತಿ."

ಫೋನು ಇಟ್ಟು ತಿರುಗಿದರೆ ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ನಾ ಚೌರಸ್ತಾ ಅಂದಿದ್ದೆ ಅಲ್ಲ, ತಮ್ಮಾ?"

"ಇಲ್ಲ ವೈನಿ. ನೀವು ಸ್ಟೇಷನ್ ಅಂದ್ರಿ."

ಅವರು ನನ್ನನ್ನೇ ನೋಡಿದರು. ಹೆಬ್ಬೆರಳು ಗೆಣ್ಣಿನ ಮೇಲೆ ಒಮ್ಮೆ ಅತ್ತಿತ್ತ ಆಡಿತು, ಏನನ್ನೋ ಹುಡುಕುವ ಹಾಗೆ. ಆಮೇಲೆ ನಿಂತಿತು. "ಹೌದೇನು? ಹಂಗಾರ ಅಂದಿರಬೇಕು," ಎಂದು ಒಳಗೆ ಹೋದರು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಆ ಸುಳ್ಳು ನನಗೆ ಅನುಕೂಲವಾಗಿ ಕಂಡಿತು. ಯಾರು ಫೋನು ಮಾಡಿದರೂ, "ಅವರಿಗೀಗ ನೆನಪಿರಂಗಿಲ್ಲ ರೀ, ತ್ರಾಸ ಕೊಡಬ್ಯಾಡ್ರಿ," ಎನ್ನತೊಡಗಿದೆ. ಮಾತು ಹಬ್ಬಿತು. ಭಾನುವಾರ ಬಾಗಿಲಲ್ಲಿ ಚಪ್ಪಲಿಗಳಿಲ್ಲ. ವೈನಿಯ ಮುಂದೆ ಟಿವಿ ಹಚ್ಚಿ ಕೊಟ್ಟು, ಅವರಿಗೆ ವಿಶ್ರಾಂತಿ ಕೊಟ್ಟೆನೆಂದು ನನಗೆ ನಾನೇ ಹೇಳಿಕೊಂಡೆ.

ಒಂದೆರಡು ವರ್ಷ ಕಳೆಯುವುದರೊಳಗೆ ಆ ಸುಳ್ಳು ನಿಜವಾಗತೊಡಗಿತು. ಸಾರಿಗೆ ಎರಡು ಸಲ ಉಪ್ಪು ಬೀಳುವುದು, ಹಚ್ಚಿದ ಒಲೆ ಹಾಗೇ ಉಳಿಯುವುದು. ಮೊದಲು ಬಾಗಿಲಿಗೆ ಬಂದ ತರಕಾರಿಯವನನ್ನೂ ಯಾರ ಪೈಕಿ ಎಂದು ಕೇಳುತ್ತಿದ್ದವರು ಈಗ ಮಾತೇ ಆಡುತ್ತಿರಲಿಲ್ಲ. ಕೈ ಎರಡೂ ಮಡಿಲಲ್ಲಿ, ಹೆಬ್ಬೆರಳು ಮುಷ್ಟಿಯೊಳಗೆ. ನನ್ನ ಸೊಸೆಗೆ ಹೆದರಿಕೆಯಾಗಿ ಅವರನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೊರಟಳು. ನಾನೂ ಹೋದೆ.

ಡಾಕ್ಟರು ನಡುವಯಸ್ಸಿನ ಹೆಂಗಸು. ಎಲ್ಲ ಪರೀಕ್ಷೆ ಮುಗಿಸಿ, ಇವರು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದರು. ನಾನು, "ಏನೂ ಇಲ್ಲ, ಮನೆಯಲ್ಲೇ ಇದ್ದವರು," ಎಂದೆ. ಸೊಸೆ ನನ್ನನ್ನು ದುರುಗುಟ್ಟಿ ನೋಡಿ, ಸಂಬಂಧ ಕೂಡಿಸುತ್ತಿದ್ದುದನ್ನೆಲ್ಲ ತೆಲುಗಿನಲ್ಲಿ ವಿವರಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಇದು ಸಣ್ಣ ಕೆಲಸವಲ್ಲ, ಮೆದುಳಿಗೆ ದಿನವೂ ಭಾರ ಹೊರಿಸುವ ಕೆಲಸ ಎಂದರು. ಇಂಥ ಕೆಲಸದಲ್ಲಿ ಬಾಳಿದವರಿಗೆ ಮರೆವಿನ ರೋಗ ಬರುವ ಸಾಧ್ಯತೆ ಕಡಿಮೆ, ಬಂದರೂ ತಡವಾಗಿ ಬರಬಹುದು. ಆದರೆ ಅದು ಖಾತ್ರಿಯ ಮಾತಲ್ಲ, ಇವರಲ್ಲಿ ರೋಗ ಶುರುವಾಗಿದೆ, ಅದನ್ನು ಅಳಿಸಿಹಾಕುವ ಔಷಧ ತಮ್ಮ ಬಳಿ ಇಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಕೊನೆಗೆ ಕೇಳಿದರು: "ಯಾಕೆ ನಿಲ್ಲಿಸಿದರು?"

ಸೊಸೆಗೆ ಗೊತ್ತಿರಲಿಲ್ಲ. ವೈನಿ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದರು. ನಾನು ನೆಲ ನೋಡಿದೆ. ರೋಗ ನನ್ನಿಂದ ಬಂತೆಂದು ಡಾಕ್ಟರು ಹೇಳಲಿಲ್ಲ, ಇವತ್ತಿಗೂ ನನಗೆ ಅದು ತಿಳಿಯದು. ಅದಕ್ಕೆ ಎದುರು ನಿಲ್ಲಬಲ್ಲ ಒಂದೇ ಆಸರೆಯನ್ನು ನನ್ನ ಕೈಯಾರೆ ಕಿತ್ತುಕೊಂಡಿದ್ದೆನೆಂಬುದು ಮಾತ್ರ ತಿಳಿಯಿತು.

ಮರುದಿನ ಬೆಳಿಗ್ಗೆ ವೈನಿ ಅಂಗಳದ ಬಿಸಿಲಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎದುರು ಕೂತು ಎಲ್ಲ ಹೇಳಿದೆ. ನೀವು ಚೌರಸ್ತಾ ಎಂದೇ ಹೇಳಿದ್ದಿರಿ, ತಪ್ಪಿದ್ದು ನಾನು, ಸುಳ್ಳು ಹೇಳಿದ್ದೂ ನಾನು ಎಂದೆ. ಅವರು ಬೈಯಲಿ ಎಂದು ಕಾದೆ.

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಿ ಕೇಳಿದರು: "ಆ ಹುಡುಗೀನ ಮುಂದ ಎಲ್ಲಿ ಕೊಟ್ರು?"

"ಗೊತ್ತಿಲ್ಲ ವೈನಿ."

"ಗೊತ್ತಿಲ್ಲ? ಮತ್ತ ಇಲ್ಲಿ ಕುಂತು ಏನು ಅಳಾಕತ್ತೀ? ಎದ್ದು ಹೋಗು, ತಿಳಕೊಂಡು ಬಾ."

ಹೋದೆ. ಈ ಸಲ ಸರಿಯಾದ ಲಿಂಗಂಪಲ್ಲಿಗೆ. ಹುಡುಗಿಯ ತಂದೆ ಬಾಗಿಲು ತೆರೆದು ಗುರುತು ಹಿಡಿದರು. "ಓಹೋ! ಏನ್ರೀ, ಇವತ್ತು ಸ್ಟೇಷನ್ ಕಡೆ ಹೋಗಲಿಲ್ಲೇನು?" ಎಂದರು. ಹೊಸ್ತಿಲಲ್ಲೇ ನಿಂತು ನಿಜ ಹೇಳಿದೆ. ಅವರ ಮುಖದ ನಗೆ ಆರಿಹೋಯಿತು. "ಏನಪಾ ನೀನು! ಆ ತಾಯಿಗೆ ತಲಿ ಕೆಟ್ಟೈತಿ ಅಂತ ನಾನೂ ನಾಕು ಮಂದಿಗೆ ಹೇಳೀನಲ್ಲೋ. ನನ್ನ ನಾಲಿಗಿನೂ ಹೊಲಸು ಮಾಡಿದಿ!" ಎಂದು ಬೈದರು. ಬೈದು ಮುಗಿಸಿ ಚಹಾ ತರಿಸಿದರು. ಮಗಳನ್ನು ಸಿಂಧನೂರಿಗೆ ಕೊಟ್ಟಿದ್ದರು, ಸುಖವಾಗಿದ್ದಳು. ನಾನು ಎದ್ದಾಗ ದನಿ ತಗ್ಗಿಸಿ, "ಆಕೀ ತಮ್ಮ ಒಬ್ಬ ಅದಾನ. ವೈನಿಯವರು ಇನ್ನೂ ನೋಡ್ತಾರೇನು?" ಎಂದು ಕೇಳಿದರು.

ಅದನ್ನು ತಂದು ಹೇಳಿದಾಗ ವೈನಿ ನನ್ನ ಕಡೆ ತಿರುಗಿ ಕೂತರು. ಆಮೇಲೆ ಮುಷ್ಟಿ ಬಿಚ್ಚಿತು. ಹೆಬ್ಬೆರಳು ತೋರುಬೆರಳಿನ ಬುಡಕ್ಕೆ ಹೋಗಿ, ತಡವರಿಸಿ, ಮತ್ತೆ ಬುಡದಿಂದ ಹೊರಟಿತು. ನಾನು ಒಳಗೆ ಹೋಗಿ ಟಿವಿ ಆರಿಸಿ ಬಂದೆ.

ಅಂದಿನಿಂದ ನಾನು ಅವರ ಕಾಲಾದೆ, ಕಿವಿಯಾದೆ. ನಾನು ಸುಳ್ಳು ಹೇಳಿದ್ದ ಮನೆಗಳಿಗೆಲ್ಲ ಹೋಗಿ ನಿಜ ಹೇಳಿದೆ. ಕೆಲವರು ಬಾಗಿಲಲ್ಲೇ ಕಳಿಸಿದರು, ಕೆಲವರು ಮಕ್ಕಳ ಫೋಟೊ ಕೊಟ್ಟರು. ತಂದ ಸುದ್ದಿಯನ್ನು ವೈನಿ ನನ್ನಿಂದ ಮತ್ತೆ ಮತ್ತೆ ಹೇಳಿಸುತ್ತಿದ್ದರು. "ಆಕೀ ಸೋದರತ್ತಿ ಯಾರು, ಕೇಳಿದ್ಯೇನು? ಕೇಳಲಿಲ್ಲ? ಬರೇ ಚಹಾ ಕುಡಿದು ಬಂದ್ಯಾ?" ಎಂದು ಗದರುವರು. ಆ ಗದರಿಕೆ ಕೇಳಲು ಎಷ್ಟು ಹಿತವಾಗಿತ್ತು!

ರೋಗ ಹೋಯಿತೆಂದು ನಾನು ಹೇಳುವುದಿಲ್ಲ. ಊಟ ಮಾಡಿದ್ದನ್ನು ಮರೆತು ಮತ್ತೆ ತಟ್ಟೆ ಹಾಕಿಕೊಳ್ಳುವರು. ಆದರೆ ಮಾತಿಗೆ ಕೂತರೆ ಬೇರೆಯೇ ಮನುಷ್ಯರು. ಹೊಸದನ್ನೂ ಕಲಿತರು. ಇಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಂದಿದ್ದ ಕುಂದಾಪುರದ ಹುಡುಗಿಯೊಬ್ಬಳು ಸೊಸೆಯ ಪರಿಚಯದಿಂದ ಬಂದಾಗ ವೈನಿಗೆ ಪೇಚಾಯಿತು. "ಕುಂದಾಪುರಕ್ಕ ನನ್ನ ಹತ್ರ ಬೆರಳಿಲ್ಲಲ್ಲವ್ವಾ," ಎಂದರು. ಆ ಹುಡುಗಿ ನಕ್ಕು, "ಎಡಗೈ ಉಂಟಲ್ಲ ಅಜ್ಜಿ," ಎಂದಳು. ಅವತ್ತಿನಿಂದ ಎಡಗೈ ಕರಾವಳಿಯಾಯಿತು. ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಜೋಪಡಿಯಲ್ಲಿದ್ದ ಗೌಂಡಿಯೊಬ್ಬ ಮಗಳಿಗೆ ಗಂಡು ಕೇಳಿಕೊಂಡು ಬಂದು ಹೊರಗೇ ನಿಂತಾಗ, ವೈನಿ ಅವನನ್ನು ಒಳಗೆ ಕರೆದು ಕೂಡಿಸಿ ಅದೇ ಪ್ರಶ್ನೆ ಕೇಳಿದರು. ಆ ಮಗಳ ಮದುವೆಯಲ್ಲಿ ಮೊದಲ ಅಕ್ಕಿಕಾಳು ವೈನಿಯದು.

ಡಾಕ್ಟರು ನೋಡಿದಾಗಲೆಲ್ಲ, "ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿದ್ದಾರೆ, ಯಾಕೆಂದು ಖಚಿತವಾಗಿ ಹೇಳಲಾರೆ, ನೀವು ಮಾತ್ರ ನಿಲ್ಲಿಸಬೇಡಿ," ಎನ್ನುತ್ತಿದ್ದರು. ಹೀಗೆ ಸಿಕ್ಕವು ಕೆಲವು ವರ್ಷಗಳು. ಕಳೆದ ಚಳಿಗಾಲದಲ್ಲಿ ವೈನಿ ನಿದ್ದೆಯಲ್ಲೇ ಹೋದರು. ಅವರು ಕೂಡಿಸಿದ ಮನೆಗಳವರೆಲ್ಲ ಬಂದಿದ್ದರು. ನಮ್ಮ ಬಾಗಿಲಲ್ಲಿ ಮತ್ತೆ ಚಪ್ಪಲಿಗಳ ರಾಶಿ. ಅವನ್ನು ಓರಣವಾಗಿ ಜೋಡಿಸಿದವನು ನಾನೇ.

ಅದಕ್ಕೆ ಕೆಲವು ದಿನ ಮೊದಲು, ಸಂಜೆ ಅವರಿಗೆ ಗಂಜಿ ಕುಡಿಸುತ್ತಿದ್ದೆ. ಅವರು ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: "ನೀವು ಯಾರ ಪೈಕಿ ರೀ?"

ಚಮಚ ಬಟ್ಟಲಲ್ಲಿಟ್ಟೆ. ಹೇಳಿದೆ: "ನಿಮ್ಮ ಪೈಕಿ ರೀ."

ಹೆಬ್ಬೆರಳು ತೋರುಬೆರಳಿನ ಮೇಲೆ ಹರಿದಾಡಿತು. "ಹೌದೇನು? ಲಗ್ನ ಆಗೈತೇನು?"

"ಆಗಿತ್ತು ರೀ. ನೀವೇ ಮಾಡ್ಸಿದ್ರಿ."

"ಹುಡುಗಿ ಚಲೋ ಇದ್ಲೇನು?"

"ಭಾಳ ಚಲೋ ಇದ್ಲು ರೀ."

"ಮತ್ತ? ನಾ ನೋಡಿದ್ದು ಅಂದ್ರ ಹಂಗ ಇರ್ತೈತಿ," ಎಂದರು ವೈನಿ. ಹೆಬ್ಬೆರಳು ಮುಂದಿನ ಗೆಣ್ಣಿಗೆ ಹೋಯಿತು.