ಧರಣೇಂದ್ರರ ಬಾಟಲಿ ಪರೀಕ್ಷೆ

ಕೊಚ್ಚಿಯ ಪಾಲಾರಿವಟ್ಟಂನ ಬ್ಯಾಂಕಿನಲ್ಲಿ ಕೆಲಸಕ್ಕಿರುವ ಕಾರ್ಕಳದ ಧರಣೇಂದ್ರರ ಹಳೆಯ ಪೆಟ್ರೋಲ್ ಜೀಪು ಲೀಟರಿಗೆ ಆರೇ ಕಿಲೋಮೀಟರ್ ಓಡುತ್ತಿತ್ತು. ಈಗ ಅದರ ಹೊಟ್ಟೆಯಲ್ಲಿರುವುದು ಮೂರನೆಯ ಡೀಸೆಲ್ ಇಂಜಿನ್. ಮಾರಿಬಿಡಿ ಎಂದವರಿಗೆಲ್ಲ, "ಇಂಜಿನ್ ಬದಲಿಸುವಾ ಮಾರಾಯ್ರೆ, ಜೀಪು ಬೇಡ" ಎನ್ನುತ್ತಾರೆ. ಭಾನುವಾರ ಬಂತೆಂದರೆ ಟ್ಯಾಂಕಿನ ಪೈಪು ಬಿಚ್ಚಿ, ಒಂದು ಲೀಟರ್ ಡೀಸೆಲ್ಲಿನ ಬಾಟಲಿಗೆ ಸಿಕ್ಕಿಸಿ, ಜೀಪು ತಾನಾಗಿ ನಿಲ್ಲುವ ತನಕ ಓಡಿಸುತ್ತಾರೆ. ಈ ವಾರ ಅದು ಹದಿನಾಲ್ಕು ಕಿಲೋಮೀಟರ್ ಓಡಿ, ಅಂಬಲಮುಗಳ್‌ನ ಪೆಟ್ರೋಲ್, ಡೀಸೆಲ್ ತಯಾರಾಗುವ ತೈಲ ಕಾರ್ಖಾನೆಯ ಗೇಟಿನೆದುರೇ ಎಣ್ಣೆಯಿಲ್ಲದೆ ನಿಂತಿತು. ಕಾವಲುಗಾರ ಬಿದ್ದು ಬಿದ್ದು ನಕ್ಕ. ಅವರು ನಗಲಿಲ್ಲ. ಇನ್ನೂರು ಕಿಲೋಮೀಟರ್ ದೂರದ ತಿರುವನಂತಪುರದ ಪಟ್ಟಂ ಕಚೇರಿಗೆ ವರ್ಗವಾದ ಹೆಂಡತಿ ವಾಸಂತಿಗೆ ಬಸ್ಸು, ಕಾರು, ರೈಲು ಯಾವುದು ಹತ್ತಿದರೂ ವಾಂತಿ. ಬಾಗಿಲಿಲ್ಲದ ಈ ಜೀಪಿನಲ್ಲಿ ಮಾತ್ರ ಗಾಳಿಗೆ ಮುಖವೊಡ್ಡಿ ನೆಮ್ಮದಿಯಾಗಿ ಕೂರುತ್ತಾರೆ. ಗೇಟಿನೆದುರಿನಿಂದಲೇ ಧರಣೇಂದ್ರರು ಹೆಂಡತಿಗೆ ಫೋನು ಮಾಡಿದರು: "ಲೀಟರಿಗೆ ಹದಿನಾಲ್ಕು ಬಂತು! ಇನ್ನು ತಿಂಗಳಿಗೊಮ್ಮೆ ಅಲ್ಲ ಮಾರಾಯ್ತಿ, ಪ್ರತಿ ಶನಿವಾರ ಕರ್ಕೊಂಡು ಬರ್ತೇನೆ."